ಒಂಟಿ ಕೋಣೆಗೆ ಪ್ರಾರ್ಥನೆ ಮತ್ತು ಸಂಗೀತ: ನೋಡುವ ದಾರಿ ಬೇರೆ, ಸೇರುವ ದಾರಿ ಬೇರೆ

2020ರ ಮಾರ್ಚ್ 10ರ ಸಂಜೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಗಾಯನವೃಂದವೊಂದು ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಬಂದವರು 61 ಮಂದಿ. ಅವರಲ್ಲೊಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. ಮುಂದಿನ ದಿನಗಳಲ್ಲಿ 33 ಮಂದಿಗೆ ಕೋವಿಡ್ ಖಚಿತವಾಯಿತು, ಇನ್ನೂ 20 ಮಂದಿಗೆ ಅದೇ ಇರಬೇಕೆಂದು ತೀರ್ಮಾನವಾಯಿತು, ಇಬ್ಬರು ತೀರಿಕೊಂಡರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮೇ ತಿಂಗಳಲ್ಲಿ ಇದರ ವರದಿ ಹೊರತಂದಿತು. ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಕೂತು ದನಿಯೆತ್ತಿ ಹಾಡುವುದು ಎಷ್ಟು ಅಪಾಯ ಎನ್ನುವುದಕ್ಕೆ ಜಗತ್ತೆಲ್ಲ ಎತ್ತಿ ತೋರಿಸಿದ ಪ್ರಕರಣ ಇದು. ಅಂಗಡಿ, ಆಫೀಸುಗಳ ಬಾಗಿಲು ತೆರೆದ ಮೇಲೂ ಸಾಮೂಹಿಕ ಪ್ರಾರ್ಥನೆಗೆ, ಮೇಳದ ಹಾಡಿಗೆ ಹಲವು ಕಡೆ ತಡವಾಗಿ ಅನುಮತಿ ಸಿಕ್ಕಿದ್ದಕ್ಕೆ ಇಂಥ ಪ್ರಕರಣಗಳೇ ಕಾರಣ.

ಆ ಮಾರ್ಚ್ ತಿಂಗಳಲ್ಲಿ ಎಲ್ಲವೂ ಪರದೆಗೆ ಬಂತು. ಮಾರ್ಚ್ 12ರಂದು ಬರ್ಲಿನ್ ಫಿಲ್ಹಾರ್ಮೋನಿಕ್ ಖಾಲಿ ಸಭಾಂಗಣದಲ್ಲಿ ನುಡಿಸಿ ಅಂತರ್ಜಾಲದಲ್ಲಿ ಉಚಿತವಾಗಿ ಬಿತ್ತರಿಸಿತು. 16ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ದಿನಕ್ಕೊಂದು ಹಳೆಯ ಪ್ರದರ್ಶನವನ್ನು ಹರಿಯಬಿಟ್ಟಿತು. 27ರ ಸಂಜೆ ಮಳೆ ಬೀಳುತ್ತಿದ್ದ, ಜನರೇ ಇಲ್ಲದ ಸೇಂಟ್ ಪೀಟರ್ಸ್ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಪ್ರಾರ್ಥಿಸಿದ್ದನ್ನು ಜನ ಮನೆಯಲ್ಲೇ ಕೂತು ನೋಡಿದರು. ಝೂಮ್‌ನಲ್ಲಿ ದಿನಕ್ಕೆ ಮೀಟಿಂಗ್ ಸೇರುವವರ ಲೆಕ್ಕ 2019ರ ಡಿಸೆಂಬರಿನಲ್ಲಿ ಸುಮಾರು 1 ಕೋಟಿ ಇದ್ದದ್ದು 2020ರ ಮಾರ್ಚಿನಲ್ಲಿ 20 ಕೋಟಿ ದಾಟಿತು. ಜಾಲದ ಮೇಲೆ ಹೊರೆ ಹೆಚ್ಚಿ, ಯುರೋಪಿನಲ್ಲಿ ನೆಟ್‌ಫ್ಲಿಕ್ಸ್ ಮತ್ತು ಯೂಟ್ಯೂಬ್ ಚಿತ್ರದ ಗುಣಮಟ್ಟವನ್ನೇ ಇಳಿಸಬೇಕಾಯಿತು.

ಈಗ ಬಾಗಿಲುಗಳು ತೆರೆದಿವೆ. ಬಾಗಿಲು ತೆರೆದ ಮೇಲೆ ಅನೇಕ ಕಡೆ ಕ್ಯಾಮೆರಾ ಆರಿದೆ. ಆದರೆ ಪ್ರತ್ಯೇಕವಾಸ ಎಲ್ಲರ ಪಾಲಿಗೂ ಮುಗಿದಿಲ್ಲ. ಕೀಮೋಥೆರಪಿಯ ನಡುವೆ ಇರುವವರು, ಅಂಗಾಂಗ ಕಸಿಯಾಗಿ ಗುಂಪಿಗೆ ಹೋಗಬಾರದೆಂದು ವೈದ್ಯರು ಹೇಳಿರುವವರು, ಹಾಸಿಗೆ ಬಿಟ್ಟು ಏಳಲಾಗದ ಹಿರಿಯರು, ಅವರನ್ನು ಬಿಟ್ಟು ಹೊರಡಲಾಗದ ಮನೆಯವರು ಇವತ್ತಿಗೂ ಅದೇ ಪರದೆಯನ್ನು ನಂಬಿಕೊಂಡಿದ್ದಾರೆ. 2020ರಲ್ಲಿ ಎಲ್ಲರಿಗೂ ಒಂದೇ ಗತಿಯಾಗಿದ್ದರಿಂದ ಹೇಗೋ ನಡೆಯಿತು. ಈಗ ಉಳಿದಿರುವ ನೇರ ಪ್ರಸಾರಗಳಲ್ಲಿ ತಮಗೆ ಬೇಕಾದ್ದನ್ನು ಇವರೇ ಹುಡುಕಿಕೊಳ್ಳಬೇಕು. ಆ ಹುಡುಕಾಟ ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ: ನೋಡುವುದಕ್ಕೆ ಮಾಡಿದ ಸಾಧನದಲ್ಲಿ ಸೇರಲು ಹೊರಡುತ್ತಾರೆ, ಸೇರುವುದಕ್ಕೆ ಮಾಡಿದ ಸಾಧನದಲ್ಲಿ ಸಂಗೀತ ಕೇಳಲು ಕೂರುತ್ತಾರೆ.

ದೂರದಿಂದ ಕೇಳುವುದು ಹಳೆಯ ವಿದ್ಯೆ. 1881ರಲ್ಲೇ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಫ್ರೆಂಚ್ ಎಂಜಿನಿಯರ್ ಕ್ಲೆಮೆಂಟ್ ಆಡೆರ್ ಟೆಲಿಫೋನ್ ತಂತಿಯ ಮೂಲಕ ಆಪೆರಾ ಕೇಳಿಸಿದ್ದರು, ಅದೂ ಎರಡು ಕಿವಿಗೆ ಎರಡು ತಂತಿಯಲ್ಲಿ. 1921ರ ಜನವರಿ 2ರಂದು ಪಿಟ್ಸ್‌ಬರ್ಗಿನ ಕೆಡಿಕೆಎ ರೇಡಿಯೊ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನ ಆರಾಧನೆಯನ್ನು ನೇರವಾಗಿ ಬಿತ್ತರಿಸಿತು. ಒಂದೇ ದಿಕ್ಕಿನಲ್ಲಿ ಹರಿಯುವ ಈ ಬಗೆಗೆ ನೂರು ವರ್ಷದ ಅನುಭವವಿದೆ, ಅದರ ತೊಂದರೆಗಳಿಗೆಲ್ಲ ಪರಿಹಾರ ಸಿಕ್ಕಿದೆ. ನಾಲ್ಕು ಮನೆಗಳಲ್ಲಿ ಕೂತ ನಾಲ್ವರು ಒಂದೇ ತಾಳಕ್ಕೆ ಹಾಡುವುದು ಮಾತ್ರ ಇನ್ನೂ ಪೂರ್ತಿ ಕೈಗೆ ಬಂದಿಲ್ಲ.

ಒಟ್ಟಿಗೆ ಹಾಡಿದರೆ ಯಾಕೆ ಚದುರುತ್ತದೆ

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ವೇದಿಕೆಯ ಮೇಲೆ ಹತ್ತು ಮೀಟರ್ ದೂರ ನಿಂತ ಇಬ್ಬರ ನಡುವೆ ದನಿ ತಲುಪಲು 29 ಮಿಲಿಸೆಕೆಂಡ್ ಬೇಕು. ಲಯ ಹಿಡಿದು ಕೂಡಿ ನುಡಿಸುವವರು ಸಹಿಸಿಕೊಳ್ಳಬಲ್ಲ ತಡವೂ ಹೆಚ್ಚುಕಡಿಮೆ ಅಷ್ಟೇ: 25ರಿಂದ 30 ಮಿಲಿಸೆಕೆಂಡ್. ಅದಕ್ಕಿಂತ ಹೆಚ್ಚಾದರೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾರೆ, ಇವರು ಕಾದದ್ದು ಕೇಳಿ ಅವರೂ ಕಾಯುತ್ತಾರೆ, ಕಾಲಪ್ರಮಾಣ ಜಗ್ಗುತ್ತಾ ಹೋಗಿ ಕೊನೆಗೆ ಹಾಡು ನಿಲ್ಲುತ್ತದೆ. ಮಾತಿಗಾದರೆ ಈ ಕಟ್ಟುನಿಟ್ಟಿಲ್ಲ. ದೂರವಾಣಿಯ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆಗೆ ತೊಡಕಾಗುವುದಿಲ್ಲ. ವಿಡಿಯೊ ಕರೆಯ ಆ್ಯಪ್‌ಗಳೆಲ್ಲ ಇರುವುದು ಈ ಮಾತಿನ ಲೆಕ್ಕಕ್ಕೆ. ಇದೇ ಕರೆಯಲ್ಲಿ ಸಲೀಸಾಗಿ ಮಾತಾಡಿದವರು ಭಜನೆ ಶುರು ಮಾಡಿದ ಕೂಡಲೇ ಎಲ್ಲ ಕಲಸಿಹೋಗುವುದಕ್ಕೆ ಕಾರಣ ಇಷ್ಟು. ಯಾರ ತಾಳಜ್ಞಾನವೂ ಕೆಟ್ಟಿರುವುದಿಲ್ಲ.

ಇನ್ನೊಂದು ತೊಡಕು ಇದಕ್ಕೆ ಸೇರಿಕೊಳ್ಳುತ್ತದೆ. ಕರೆಯಲ್ಲಿ ಇಬ್ಬರು ಒಮ್ಮೆಲೇ ದನಿಯೆತ್ತಿದರೆ ಪ್ರತಿಧ್ವನಿ ತಡೆಯುವ ತಂತ್ರಾಂಶ ಒಬ್ಬರ ದನಿಯನ್ನು ಅದುಮುತ್ತದೆ. ಮೂವತ್ತು ಜನ ಒಟ್ಟಿಗೆ ಪ್ರಾರ್ಥನೆ ಹೇಳಿದಾಗ ಕೇಳಿಬರುವ ತುಂಡು ತುಂಡು ಅಕ್ಷರಗಳು ಹುಟ್ಟುವುದು ಇಲ್ಲೇ. ವೇಗದ ಇಂಟರ್ನೆಟ್ ಹಾಕಿಸಿಕೊಂಡರೂ ಇದು ಹೋಗುವುದಿಲ್ಲ.

ಹಾಗಿದ್ದರೆ 2020ರಲ್ಲಿ ಹರಿದಾಡಿದ, ನೂರಾರು ಮುಖಗಳ ಚೌಕಗಳಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಹಾಡುವ ವಿಡಿಯೊಗಳು? ಅವು ಒಟ್ಟಿಗೆ ಹಾಡಿದ್ದಲ್ಲ. ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟಾಕರ್ 2010ರಲ್ಲೇ 12 ದೇಶಗಳ 185 ಗಾಯಕರನ್ನು ಹೀಗೆ ಸೇರಿಸಿದ್ದರು. ಪ್ರತಿಯೊಬ್ಬರೂ ಮಾರ್ಗದರ್ಶಿ ವಿಡಿಯೊ ನೋಡಿಕೊಂಡು ತಮ್ಮ ಪಾಲನ್ನು ಒಬ್ಬರೇ ಹಾಡಿ ಕಳಿಸುತ್ತಾರೆ, ಸಂಕಲನಕಾರರು ಅವನ್ನೆಲ್ಲ ಸಾಲು ಹೊಂದಿಸಿ ಬೆರೆಸುತ್ತಾರೆ. ನೋಡಲು ಸೊಗಸು, ಮಾಡುವುದಕ್ಕೂ ಯೋಗ್ಯ. ಆದರೆ ಹಾಡುವ ಆ ಗಳಿಗೆಯಲ್ಲಿ ಹಾಡುವವರು ಒಬ್ಬರೇ. ಈ ವಿಡಿಯೊಗಳನ್ನು ನೋಡಿ ನಮ್ಮ ಗುಂಪಿಗೆ ಮಾತ್ರ ಯಾಕೆ ಆಗುತ್ತಿಲ್ಲ ಎಂದು ಎಷ್ಟೋ ಮೇಳಗಳು ಕೈಚೆಲ್ಲಿದ್ದು ಬೇಸರದ ಸಂಗತಿ.

ನಿಜವಾಗಿಯೂ ಕೂಡಿ ನುಡಿಸುವ ದಾರಿ ಇಲ್ಲದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಜ್ಯಾಕ್‌ಟ್ರಿಪ್, ಮುಕ್ತ ತಂತ್ರಾಂಶವಾದ ಜಾಮ್ಯುಲಸ್, ಬಳಕೆಗೆ ಇನ್ನೂ ಸುಲಭವಾದ ಸೋನೋಬಸ್ ಇರುವುದು ಇದಕ್ಕೇ. ಇವು ಚಿತ್ರದ ಗೊಡವೆಗೆ ಹೋಗುವುದಿಲ್ಲ, ದನಿಯನ್ನು ಮಾತ್ರ ಸಣ್ಣ ಸಣ್ಣ ತುಣುಕುಗಳಲ್ಲಿ ಆದಷ್ಟು ಬೇಗ ದಾಟಿಸುತ್ತವೆ. ಆದರೂ ಭೌತಶಾಸ್ತ್ರ ಬಿಡುವುದಿಲ್ಲ. ಗಾಜಿನ ನಾರಿನ (ಆಪ್ಟಿಕಲ್ ಫೈಬರ್) ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಸಾವಿರ ಕಿಲೋಮೀಟರಿಗೆ ದಾರಿಯಲ್ಲೇ 5 ಮಿಲಿಸೆಕೆಂಡ್, ನಡುವಿನ ರೌಟರುಗಳದ್ದು ಅದರ ಮೇಲೆ. ಕಂಪ್ಯೂಟರಿನ ಆಡಿಯೊ ಬಫರ್, ಅಂದರೆ ಅದು ಒಮ್ಮೆಗೆ ಕೂಡಿಟ್ಟುಕೊಂಡು ದಾಟಿಸುವ ದನಿಯ ತುಣುಕು, 128 ಸ್ಯಾಂಪಲ್ (ದನಿಯ ಒಂದೊಂದು ಅಳತೆ) ಇದ್ದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ಹಿಡಿಯುವ 48 ಕಿಲೋಹರ್ಟ್ಸ್‌ನಲ್ಲಿ 2.7 ಮಿಲಿಸೆಕೆಂಡ್, 1024 ಇದ್ದರೆ 21. ಬ್ಲೂಟೂತ್ ಹೆಡ್‌ಫೋನ್ ಒಂದೇ ನೂರು ಮಿಲಿಸೆಕೆಂಡಿಗೂ ಹೆಚ್ಚು ತಿನ್ನಬಹುದು. ಉಳಿತಾಯ ಮಾಡಿದ್ದೆಲ್ಲ ಅಲ್ಲಿಗೆ ಹೋಯಿತು.

ಆದ್ದರಿಂದ ಕೂಡಿ ನುಡಿಸಲು ಹೊರಟವರು ಮೊದಲು ಮಾಡಬೇಕಾದ್ದು ಮೂರೇ. ಕಂಪ್ಯೂಟರಿನಿಂದ ರೌಟರಿಗೆ ಕೇಬಲ್ ಎಳೆಯಬೇಕು, ವೈರಿನ ಹೆಡ್‌ಫೋನ್ ಹಾಕಬೇಕು, ಬಫರನ್ನು 128ಕ್ಕೆ ಇಳಿಸಿ ಚಟಪಟ ಸದ್ದು ಬಂದರೆ 256ಕ್ಕೆ ಏರಿಸಬೇಕು. ವಿಂಡೋಸ್ ಆದರೆ ದನಿಯನ್ನು ಕಡಿಮೆ ತಡದಲ್ಲಿ ದಾಟಿಸುವ ಆಸಿಯೊ ಡ್ರೈವರ್ ಎಂಬ ತಂತ್ರಾಂಶ ಹಾಕಿಕೊಳ್ಳದೆ ಈ ಮಟ್ಟಕ್ಕೆ ಇಳಿಯುವುದು ಕಷ್ಟ. ವೈಫೈ ಸರಾಸರಿಯಲ್ಲಿ ವೇಗವಾಗಿಯೇ ಇರಬಹುದು, ಆದರೆ ಅದರ ತಡ ಒಂದೊಂದು ಗಳಿಗೆಗೆ ಒಂದೊಂದು ತೆರ ಇರುತ್ತದೆ. ಲಯ ಕೆಡಿಸುವುದು ಆ ಏರುಪೇರು. ಜಾಮ್ಯುಲಸ್‌ನಲ್ಲಿ ಒಂದು ಶಿಸ್ತು ಕಲಿಯಬೇಕು: ತಮ್ಮ ದನಿಯನ್ನೂ, ಎಲ್ಲರ ದನಿ ಬೆರೆಸುವ ಸರ್ವರ್‌ನಿಂದ ಮರಳಿ ಬಂದಂತೆಯೇ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು, ಅದರ ಜೊತೆಗೇ ಹಾಡಬೇಕು. ನೇರವಾಗಿ ಕಿವಿಗೆ ಬೀಳುವ ತಮ್ಮ ದನಿಯನ್ನು ನಂಬಿದರೆ ಉಳಿದವರಿಗಿಂತ ಹಿಂದೆ ಬೀಳುತ್ತಾರೆ. ಮೊದಮೊದಲು ಹಿಂಸೆ ಅನ್ನಿಸುತ್ತದೆ, ಕೆಲವು ದಿನಗಳ ಅಭ್ಯಾಸಕ್ಕೆ ಹೊಂದಿಕೊಳ್ಳುತ್ತದೆ. ಒಂದೇ ನಗರದ ಅಥವಾ ಕೆಲವು ನೂರು ಕಿಲೋಮೀಟರ್ ಒಳಗಿನ ಜನರಿಗೆ ಇದು ಸಾಧ್ಯ. ಖಂಡಗಳ ಆಚೆಗೆ ತಾಳಬದ್ಧವಾದ ಹಾಡು ಆಗದ ಮಾತು. ತಾಳವಿಲ್ಲದ ಆಲಾಪನೆಯನ್ನು ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಳ್ಳಬಹುದು.

ಇಷ್ಟೆಲ್ಲ ಯಾರಿಗೆ ಬೇಡವೋ ಅವರಿಗೆ ಸರಳವಾದ ಒಂದು ಕ್ರಮವಿದೆ, ಸಣ್ಣ ಪ್ರಾರ್ಥನಾ ಗುಂಪುಗಳಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ಹಾಡಿಸುವವರೊಬ್ಬರ ಮೈಕ್ ಮಾತ್ರ ತೆರೆದಿರಲಿ, ಉಳಿದವರೆಲ್ಲ ಮ್ಯೂಟ್ ಮಾಡಿಕೊಂಡು ತಮ್ಮ ಮನೆಯಲ್ಲಿ ಗಟ್ಟಿಯಾಗಿ ಹಾಡಲಿ. ಹಾಡಿಸುವವರಿಗೆ ಮೇಳ ಕೇಳಿಸುವುದಿಲ್ಲ, ಆದರೆ ಪ್ರತಿ ಮನೆಯಲ್ಲೂ ಇಬ್ಬರ ದನಿ ಕೂಡುತ್ತದೆ. ಹಾಡಿಸುವವರು ಸಾಲು ಸಾಲಿನ ನಡುವೆ ಉಸಿರಿನಷ್ಟು ಜಾಗ ಬಿಡಬೇಕು, ತಮಗೆ ಏನೂ ಕೇಳಿಸದ ಆ ಮೌನದಲ್ಲಿ ಅವಸರಪಡಬಾರದು. ಹಾಡು ಮುಗಿದ ಮೇಲೆ ಒಬ್ಬೊಬ್ಬರಾಗಿ ಮೈಕ್ ತೆರೆದು ಒಂದೊಂದು ಪ್ರಾರ್ಥನೆ ಹೇಳಬಹುದು, ಪಾಠ ಓದಬಹುದು. ಸರದಿಯ ಪಟ್ಟಿಯನ್ನು ಮೊದಲೇ ಕಳಿಸಿದ್ದರೆ ನೀವು ಹೇಳಿ, ನೀವು ಹೇಳಿ ಎಂಬ ತಡವರಿಕೆ ಇರುವುದಿಲ್ಲ.

ದನಿ ಎಲ್ಲಿ ಕೆಡುತ್ತದೆ

ವಿಡಿಯೊ ಕರೆಯಲ್ಲಿ ಸಂಗೀತ ಕೇಳಿದವರೆಲ್ಲ ಕಂಡಿರುವ ಒಂದು ವಿಚಿತ್ರವಿದೆ. ಹಾಡು ಶುರುವಾಗುವ ಮುಂಚೆ ತಂಬೂರಿ ಒಂದೆರಡು ಸೆಕೆಂಡ್ ಕೇಳಿಸುತ್ತದೆ, ಆಮೇಲೆ ಮೆಲ್ಲಗೆ ಕರಗಿ ಇಲ್ಲವಾಗುತ್ತದೆ. ಗಾಯಕರು ನಿಲ್ಲಿಸಿದಾಗ ಮತ್ತೆ ಇಣುಕುತ್ತದೆ, ಮತ್ತೆ ಮಾಯ. ಕರೆಯ ತಂತ್ರಾಂಶ ಮಾತನ್ನು ಉಳಿಸಿ ಗದ್ದಲ ಕಳೆಯಲು ನೋಡುತ್ತದೆ. ಒಂದೇ ಸಮನೆ ಬರುವ ಸದ್ದು ಅದರ ಲೆಕ್ಕದಲ್ಲಿ ಫ್ಯಾನು ಅಥವಾ ಎಸಿ. ಶ್ರುತಿಯೂ ಹಾಗೇ ಒಂದೇ ಸಮನೆ ಬರುವುದರಿಂದ ಅದನ್ನೂ ಒರೆಸಿಹಾಕುತ್ತದೆ. ಆರ್ಗನ್ನಿನ ಉದ್ದನೆಯ ಸ್ವರಕ್ಕೂ ಹಾರ್ಮೋನಿಯಮ್ಮಿಗೂ ಇದೇ ಪಾಡು. ಜೊತೆಗೆ ದನಿಯ ಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆ ಮೆಲುದನಿಯನ್ನು ಎತ್ತಿ, ಗಟ್ಟಿದನಿಯನ್ನು ಜಜ್ಜಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತರುತ್ತದೆ. ಗಾಯಕರು ಮನಸ್ಸಿಟ್ಟು ಮಾಡಿದ ಏರಿಳಿತ ಕೇಳುಗರವರೆಗೆ ಬರುವುದೇ ಇಲ್ಲ.

ಝೂಮ್‌ನಲ್ಲಿ ಇದಕ್ಕೆ ಪರಿಹಾರ ಸೆಟ್ಟಿಂಗ್ಸ್ ಒಳಗಿನ ಆಡಿಯೊ ವಿಭಾಗದಲ್ಲಿದೆ. 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್' ಆರಿಸಿ, ಅದರ ಕೆಳಗಿನ 'ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್' ಗುರುತು ಮಾಡಬೇಕು. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಮೀಟಿಂಗ್ ಒಳಗೆ ಹೋದ ಮೇಲೆ ಪರದೆಯಲ್ಲಿ ಕಾಣುವ ಒರಿಜಿನಲ್ ಸೌಂಡ್ ಗುಂಡಿಯೂ ಆನ್ ಆಗಿದೆಯೇ ನೋಡಬೇಕು, ಇಲ್ಲದಿದ್ದರೆ ಮಾಡಿದ್ದು ವ್ಯರ್ಥ. ಅಲ್ಲೇ ಇರುವ ಪ್ರತಿಧ್ವನಿ ತಡೆಯನ್ನು ಹೆಡ್‌ಫೋನ್ ಹಾಕಿದವರು ಮಾತ್ರ ತೆಗೆಯಬೇಕು, ಸ್ಪೀಕರ್ ಇಟ್ಟವರು ತೆಗೆದರೆ ಎಲ್ಲರಿಗೂ ತಮ್ಮದೇ ದನಿ ಮರಳಿ ಬರುತ್ತದೆ. ಧ್ವನಿಮುದ್ರಿಕೆ ಕೇಳಿಸುವುದಿದ್ದರೆ ಅದನ್ನು ಮೈಕಿನ ಮುಂದೆ ಹಿಡಿಯಬಾರದು. ಸ್ಕ್ರೀನ್ ಹಂಚುವಾಗ 'ಶೇರ್ ಸೌಂಡ್' ಗುರುತು ಹಾಕಿದರೆ ನೇರವಾಗಿ ಹೋಗುತ್ತದೆ. ಗೂಗಲ್ ಮೀಟ್‌ನಲ್ಲಿ ಗದ್ದಲ ಕಳೆಯುವ ಆಯ್ಕೆಯನ್ನು ಆಫ್ ಮಾಡಿದರೆ ಅರ್ಧ ತೊಂದರೆ ಹೋಗುತ್ತದೆ.

ಯೂಟ್ಯೂಬಿನಂಥ ನೇರ ಪ್ರಸಾರದಲ್ಲಿ ಈ ಕತ್ತರಿ ಇಲ್ಲ. ಅಲ್ಲಿ ದನಿ ಕೆಡುವುದು ಹೆಚ್ಚಾಗಿ ಮೈಕ್ ಇಟ್ಟ ಜಾಗದಿಂದ. ಫೋನನ್ನು ಸಭಾಂಗಣದ ಕೊನೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ ಬಿತ್ತರಿಸಿದರೆ ಚಿತ್ರ ಚೆನ್ನಾಗಿರುತ್ತದೆ, ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಮೈಕಿನ ದೂರ ಎರಡರಷ್ಟಾದಾಗಲೆಲ್ಲ ನೇರ ದನಿ 6 ಡೆಸಿಬಲ್ ಇಳಿಯುತ್ತದೆ, ಗೋಡೆಗಳಿಂದ ಮರಳುವ ದನಿ ಮಾತ್ರ ಅಷ್ಟೇ ಇರುತ್ತದೆ. ಪ್ರಾರ್ಥನಾ ಮಂದಿರಗಳು ಗುಯ್‌ಗುಡುವ ಹಾಗೆಯೇ ಕಟ್ಟಿದವು, ಅಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮೈಕುಗಳ ದನಿ ಬೆರೆಸುವ ಮಿಕ್ಸರಿನಿಂದ ನೇರವಾಗಿ ತಂತಿ ಎಳೆದುಕೊಂಡರೆ ಮಾತು ಸ್ಪಷ್ಟವಾಗುತ್ತದೆ, ಆದರೆ ಮೈಕ್ ಇಲ್ಲದ ವಾದ್ಯ, ಸೇರಿದ ಜನರ ದನಿ, ಗಂಟೆ ಯಾವುದೂ ಕೇಳುವುದಿಲ್ಲ. ದೂರದಲ್ಲಿರುವವರಿಗೆ ತಾನೂ ಅಲ್ಲಿದ್ದೇನೆ ಅನ್ನಿಸುವುದು ಆ ಜನರ ದನಿಯಿಂದಲೇ. ಆದ್ದರಿಂದ ಮಿಕ್ಸರಿನ ತಂತಿಯ ಜೊತೆಗೆ ಸಭೆಯ ಕಡೆ ಮುಖ ಮಾಡಿದ ಒಂದು ಮೈಕ್ ಇಟ್ಟು, ಅದನ್ನು ಮೆಲ್ಲಗೆ ಬೆರೆಸುವ ಪ್ರಸಾರಗಳನ್ನೇ ಆರಿಸಿಕೊಳ್ಳಿ. ಚಿತ್ರ ಸಾಧಾರಣವಾಗಿದ್ದರೂ ಅವು ಬಹುಕಾಲ ನಿಮ್ಮನ್ನು ಹಿಡಿದಿಡುತ್ತವೆ.

ಕೇಳುವವರ ಕಡೆಯ ಎಡವಟ್ಟುಗಳು ಸಣ್ಣವು. ಫೋನಿನ ಪುಟ್ಟ ಸ್ಪೀಕರಿಗೆ ತಗ್ಗಿನ ಸ್ವರಗಳು ಹೊರಡುವುದಿಲ್ಲ. ಮೃದಂಗದ ಎಡಭಾಗ, ಆರ್ಗನ್ನಿನ ಕೆಳಗಿನ ಸ್ವರಗಳು ಅಲ್ಲಿ ಇಲ್ಲವೇ ಇಲ್ಲ. ಅಗ್ಗದ ವೈರಿನ ಇಯರ್‌ಫೋನ್ ಹಾಕಿದರೂ ಸಾಕು, ಬೇರೆಯೇ ಕಚೇರಿ ಕೇಳಿದಂತಾಗುತ್ತದೆ. ಕೇಳುವುದಕ್ಕಷ್ಟೇ ಆದರೆ ಬ್ಲೂಟೂತ್ ತಡದಿಂದ ತೊಂದರೆಯಿಲ್ಲ. ಟಿವಿಯಲ್ಲಿ ತುಟಿಗೂ ದನಿಗೂ ಹೊಂದದಿದ್ದರೆ ಆಡಿಯೊ ಸೆಟ್ಟಿಂಗಿನ ಡಿಲೇ ಸರಿಪಡಿಸಿ.

ಡೇಟಾ ಲೆಕ್ಕವನ್ನು ಹೀಗೆ ನೆನಪಿಡಬಹುದು: ಸೆಕೆಂಡಿಗೆ 1 ಮೆಗಾಬಿಟ್ ಹರಿದರೆ ಗಂಟೆಗೆ 450 ಎಂಬಿ. ಹೆಚ್ಚಿನ ಗುಣಮಟ್ಟದ ವಿಡಿಯೊ ಗಂಟೆಗೆ 1 ಜಿಬಿ ಸುಲಭವಾಗಿ ದಾಟುತ್ತದೆ. 128 ಕಿಲೋಬಿಟ್‌ನ ಇಂಟರ್ನೆಟ್ ರೇಡಿಯೊ ಗಂಟೆಗೆ 58 ಎಂಬಿಯಲ್ಲಿ ಮುಗಿಯುತ್ತದೆ. ಡೇಟಾ ಕಡಿಮೆ ಇರುವವರು ಚಿತ್ರವನ್ನು 240ಕ್ಕೋ 360ಕ್ಕೋ ಇಳಿಸಿ. ಯೂಟ್ಯೂಬಿನಲ್ಲಿ ಸಾಮಾನ್ಯವಾಗಿ ಚಿತ್ರ ಇಳಿಸಿದಷ್ಟು ದನಿ ಇಳಿಯುವುದಿಲ್ಲ.

ಪ್ರಸಾರ ನಿಂತು ನಿಂತು ಬಂದರೆ ರೌಟರ್ ಆರಿಸುವ ಮುಂಚೆ ಪಕ್ಕದ ಚಾಟ್ ನೋಡಿ. ಎಲ್ಲರೂ ನಿಂತಿದೆ ಎಂದು ಬರೆಯುತ್ತಿದ್ದರೆ ಕಳಿಸುವವರ ಅಪ್‌ಲೋಡ್ ಕೈಕೊಟ್ಟಿದೆ, ನೀವು ಏನು ಮಾಡಿದರೂ ಫಲವಿಲ್ಲ. ನಿಮಗೊಬ್ಬರಿಗೇ ಹಾಗಾಗುತ್ತಿದ್ದರೆ ಚಿತ್ರದ ಗುಣಮಟ್ಟವನ್ನು 'ಆಟೊ' ಬಿಟ್ಟು ಒಂದು ಮೆಟ್ಟಿಲು ಕೆಳಗೆ ಕಟ್ಟಿಹಾಕಿ. ಕೆಂಪಾಗಿರಬೇಕಾದ 'ಲೈವ್' ಚುಕ್ಕೆ ಬೂದು ಬಣ್ಣಕ್ಕೆ ತಿರುಗಿದ್ದರೆ ನೀವು ಹಿಂದೆ ಬಿದ್ದಿದ್ದೀರಿ ಎಂದರ್ಥ, ಅದನ್ನು ಒತ್ತಿದರೆ ಈಗಿನ ಗಳಿಗೆಗೆ ಬರುತ್ತೀರಿ. ಈಗಿನ ಗಳಿಗೆ ಎಂದರೂ ಅದು ಹತ್ತರಿಂದ ಮೂವತ್ತು ಸೆಕೆಂಡ್ ಹಳೆಯದಿರಬಹುದು. ಗೆಳೆಯರಿಬ್ಬರು ಫೋನಿನಲ್ಲಿ ಮಾತಾಡುತ್ತಾ ಒಂದೇ ಕಚೇರಿ ನೋಡುವಾಗ ಒಬ್ಬರು ಭೇಷ್ ಅಂದದ್ದು ಇನ್ನೊಬ್ಬರಿಗೆ ಮುಂಚೆಯೇ ಕೇಳುವುದು ಇದರಿಂದ. ಮುಂದಿರುವವರು ಆ ಅಂತರದಷ್ಟು ಹೊತ್ತು ತಡೆದು ಮತ್ತೆ ಹಚ್ಚಿಕೊಂಡರೆ ಇಬ್ಬರೂ ಒಂದೇ ಕಡೆ ಇರುತ್ತಾರೆ.

ಹುಡುಕುವುದು, ನಂಬುವುದು

ಹುಡುಕುವ ಪೆಟ್ಟಿಗೆಯಲ್ಲಿ ಹೆಸರಿನ ಜೊತೆ 'ಲೈವ್' ಎಂದು ಬರೆದರೆ ಬರುವುದರಲ್ಲಿ ಹೆಚ್ಚಿನವು ಹಳೆಯ ಮುದ್ರಿಕೆಗಳು. ಯೂಟ್ಯೂಬಿನ ಫಿಲ್ಟರ್ ತೆರೆದು 'ಲೈವ್' ಆರಿಸಿದರೆ ಈಗ ನಡೆಯುತ್ತಿರುವುದು ಮಾತ್ರ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಸಂಸ್ಥೆಯ ಅಧಿಕೃತ ಜಾಲತಾಣಕ್ಕೆ ಹೋಗಿ ಅಲ್ಲಿಂದಲೇ ಚಾನೆಲ್ಲಿಗೆ ದಾಟುವುದು. ಚಾನೆಲ್ಲಿನ 'ಲೈವ್' ವಿಭಾಗದಲ್ಲಿ ಮುಂದೆ ಬರುವ ಪ್ರಸಾರಗಳ ಪಟ್ಟಿ ಇರುತ್ತದೆ, ನೆನಪಿಸುವಂತೆ ಗುರುತು ಹಾಕಬಹುದು. ಹಿಂದಿನ ಪ್ರಸಾರಗಳ ದಿನಾಂಕಗಳನ್ನೂ ಅಲ್ಲೇ ನೋಡಿ. ಕಳೆದ ಎರಡು ಮೂರು ತಿಂಗಳು ವಾರ ತಪ್ಪದೆ ನಡೆದಿದ್ದರೆ ಮುಂದಿನ ವಾರವೂ ಇರುತ್ತದೆ. ಹಬ್ಬಕ್ಕೊಮ್ಮೆ ಭಾರಿ ಪ್ರಸಾರ ಮಾಡಿ ಉಳಿದ ದಿನ ಸುಮ್ಮನಿರುವ ಚಾನೆಲ್ ಒಂಟಿಯಾಗಿರುವವರಿಗೆ ಹೆಚ್ಚು ಉಪಯೋಗವಿಲ್ಲ. ಅವರಿಗೆ ಬೇಕಾದ್ದು ದಿನಕ್ಕೆ, ವಾರಕ್ಕೆ ಒಂದು ಕಟ್ಟು ಕೊಡುವ ನಿಯಮ.

ಬೇರೆ ದೇಶದ ಪ್ರಸಾರವಾದರೆ ಸಮಯ ಕೈಕೊಡುತ್ತದೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದೆ ಬರುತ್ತದೆ. ಯುರೋಪಿನಲ್ಲಿ ಅದೇ ಕೆಲಸ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ನಡುವಿನ ಆ ವಾರಗಳಲ್ಲಿ ಎಷ್ಟೋ ಜನ ಕಾರ್ಯಕ್ರಮ ಮುಗಿದ ಮೇಲೆ ಬಂದು ಕೂರುತ್ತಾರೆ. ಜಾಹೀರಾತಿನಲ್ಲಿ ಕಂಡ ಗಂಟೆಯನ್ನು ನಾವೇ ಲೆಕ್ಕ ಹಾಕುವ ಬದಲು ಪ್ರಸಾರದ ಪುಟದಲ್ಲೇ ನಮ್ಮ ಸಮಯಕ್ಕೆ ತಿರುಗಿಸಿ ತೋರಿಸುವುದನ್ನು ನಂಬುವುದು ವಾಸಿ.

'ನೇರ' ಎಂದು ಬರೆದದ್ದೆಲ್ಲ ನೇರವಲ್ಲ. ಹಳೆಯ ಪೂಜೆಯ, ಪ್ರಾರ್ಥನೆಯ ವಿಡಿಯೊವನ್ನು ಸುತ್ತಿಸಿ ಸುತ್ತಿಸಿ ಬಿತ್ತರಿಸಿ, ಕೆಳಗೆ ಕ್ಯೂಆರ್ ಕೋಡ್ ಅಂಟಿಸಿ ಕಾಣಿಕೆ ಕೇಳುವವರಿದ್ದಾರೆ. ಪ್ರಸಾರ ಯಾವಾಗ ಶುರುವಾಯಿತೆಂದು ವಿವರಣೆಯಲ್ಲಿ ಇರುತ್ತದೆ. ಒಂದೇ ಪ್ರಾರ್ಥನೆ ದಿನಗಟ್ಟಲೆ ನಡೆದಿದೆ ಎಂದಾದರೆ ಅನುಮಾನಪಡಿ. ಅಲ್ಲಿನ ಕಿಟಕಿಯ ಬೆಳಕು ಆ ಊರಿನ ಹೊತ್ತಿಗೆ ಹೊಂದುತ್ತದೆಯೇ, ಮಾತಿನಲ್ಲಿ ಇವತ್ತಿನ ತಾರೀಕು ಬರುತ್ತದೆಯೇ, ಚಾಟಿಗೆ ಯಾರಾದರೂ ಉತ್ತರಿಸುತ್ತಾರೆಯೇ ನೋಡಿ. ಅಂತ್ಯಸಂಸ್ಕಾರದ ನೇರ ಪ್ರಸಾರ ಎಂದು ದುಃಖದಲ್ಲಿರುವ ಬಂಧುಗಳಿಗೆ ಕೊಂಡಿ ಕಳಿಸಿ, ನೋಡಲು ಕಾರ್ಡಿನ ಸಂಖ್ಯೆ ಕೇಳುವ ಮೋಸ ಎಲ್ಲಕ್ಕಿಂತ ಕ್ರೂರವಾದದ್ದು. ಅಂಥ ಕೊಂಡಿಯನ್ನು ಕುಟುಂಬದವರಿಂದ ಅಥವಾ ಸಂಸ್ಕಾರ ನಡೆಸುವವರಿಂದ ಫೋನಿನಲ್ಲಿ ಕೇಳಿ ಪಡೆಯದೆ ತೆರೆಯಬೇಡಿ.

ಟಿಕೆಟ್ ಕೊಂಡ ಕಚೇರಿಯಾದರೆ ಹಿಂದಿನ ದಿನವೇ ಲಾಗಿನ್ ಆಗಿ ನೋಡಿ. ಎಷ್ಟು ಹೊತ್ತು ಮತ್ತೆ ನೋಡಬಹುದು, ಟಿವಿಗೂ ಫೋನಿಗೂ ಒಂದೇ ಟಿಕೆಟ್ ಸಾಕೇ, ನಿಮ್ಮ ದೇಶದಲ್ಲಿ ತೆರೆಯುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮುಂಚೆ ಓದಿ. ಉಚಿತ ಪ್ರಸಾರದಲ್ಲಿ ಕಲಾವಿದರಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಚಾಟಿನ ಮೂಲಕ ಕೊಡುವ ಬದಲು ಅವರದ್ದೇ ಪುಟದಲ್ಲಿರುವ ದಾರಿಯಲ್ಲಿ ಕೊಡಿ. ಯೂಟ್ಯೂಬಿನ ಸೂಪರ್ ಚಾಟ್‌ನಲ್ಲಿ 30 ಪ್ರತಿಶತ ಕಂಪನಿಗೆ ಹೋಗುತ್ತದೆ. ಸಂಗೀತದ ನಡುವೆ ದನಿ ತಟ್ಟನೆ ನಿಂತು ಮೌನವಾದರೆ ಅದು ಹಕ್ಕುಸ್ವಾಮ್ಯ ಪತ್ತೆ ಹಚ್ಚುವ ಯಂತ್ರದ ಕೆಲಸವಿರಬಹುದು. ಕೃತಿ ಶತಮಾನಗಳಷ್ಟು ಹಳೆಯದಾಗಿ ಯಾರ ಹಕ್ಕೂ ಇಲ್ಲದಿದ್ದರೂ, ಅದೇ ಕೃತಿಯ ಯಾವುದೋ ಕಂಪನಿಯ ಮುದ್ರಿಕೆಗೆ ಹೋಲುತ್ತದೆ ಎಂದು ಯಂತ್ರ ತಡೆಯುತ್ತದೆ. 2020ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ವಾದಕರು ತಮ್ಮ ಕೈಯಾರೆ ನುಡಿಸಿದ್ದಕ್ಕೇ ಹೀಗೆ ತಡೆಗೆ ಒಳಗಾದರು.

ಪರದೆಯ ಮುಂದೆ ಮಾಡಿದ್ದು ಪೂಜೆಯಾಯಿತೇ ಎಂಬ ಪ್ರಶ್ನೆಗೆ ಒಂದೊಂದು ಪರಂಪರೆ ಒಂದೊಂದು ಉತ್ತರ ಕೊಟ್ಟಿದೆ. ಅದನ್ನು ತಿಳಿದೇ ಕೂರುವುದು ಒಳ್ಳೆಯದು, ಇಲ್ಲದಿದ್ದರೆ ಮನಸ್ಸಿನಲ್ಲಿ ಅರೆಕೊರೆ ಉಳಿಯುತ್ತದೆ. ಕ್ಯಾಥೊಲಿಕರಲ್ಲಿ ಪ್ರಸಾದ ಸ್ವೀಕಾರಕ್ಕೆ ಹಾಜರಿ ಬೇಕೇ ಬೇಕು. ನೇರ ಪ್ರಸಾರ ನೋಡುವವರಿಗೆ ಮನಸ್ಸಿನಲ್ಲೇ ಅದನ್ನು ಬಯಸಿ ಮಾಡುವ ಪ್ರಾರ್ಥನೆಯೊಂದಿದೆ, 2020ರಲ್ಲಿ ಅದನ್ನೇ ಪ್ರಸಾರದ ನಡುವೆ ಹೇಳಿಕೊಟ್ಟರು. ಮುಸ್ಲಿಮರಲ್ಲಿ ಹೆಚ್ಚಿನ ವಿದ್ವಾಂಸರ ಮಾತು, ಪರದೆಯಲ್ಲಿ ಕಾಣುವ ಇಮಾಮರ ಹಿಂದೆ ಶುಕ್ರವಾರದ ನಮಾಜು ಆಗುವುದಿಲ್ಲ, ಮನೆಯಲ್ಲಿ ಮಧ್ಯಾಹ್ನದ ನಮಾಜು ಮಾಡಿ ಎಂದು. ಪ್ರವಚನ ಕೇಳುವುದಕ್ಕೆ ಅಡ್ಡಿಯಿಲ್ಲ. ಆ ಮಾರ್ಚಿನಲ್ಲಿ ಕುವೈತಿನ ಮಸೀದಿಗಳ ಆಜಾನ್‌ನಲ್ಲೇ ಮನೆಗಳಲ್ಲಿ ನಮಾಜು ಮಾಡಿ ಎಂಬ ಸಾಲು ಕೇಳಿಬಂತು. ಯೆಹೂದಿಗಳಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಸೇರಬೇಕು, ಸಾಂಪ್ರದಾಯಿಕರು ಸಬ್ಬತ್ ದಿನ ವಿದ್ಯುತ್ ಉಪಕರಣ ಮುಟ್ಟುವುದಿಲ್ಲ. ಯೆಹೂದಿಗಳಲ್ಲೇ ಕೆಲವು ಪಂಥಗಳು ಆಪತ್ಕಾಲಕ್ಕೆಂದು ದೂರದಿಂದ ಸೇರುವುದನ್ನು ಒಪ್ಪಿದವು, ಕೆಲವು ಒಪ್ಪಲಿಲ್ಲ. ಹಿಂದೂ ಪೂಜೆಯಲ್ಲಿ ಹೆಸರು, ನಕ್ಷತ್ರ ಹೇಳಿ ಇನ್ನೊಬ್ಬರ ಕೈಯಿಂದ ಸೇವೆ ಮಾಡಿಸುವ ರೂಢಿ ಮೊದಲೇ ಇದ್ದುದರಿಂದ ಈ ಗೊಂದಲ ಅಷ್ಟಾಗಿ ಏಳಲಿಲ್ಲ. ಅನುಮಾನವಿದ್ದರೆ ನಿಮ್ಮ ಧರ್ಮಗುರುಗಳನ್ನೇ ಕೇಳಿ.

ಸಣ್ಣ ಗುಂಪನ್ನು ನಡೆಸುವವರಿಗೆ

ಸಾವಿರಾರು ಜನ ನೋಡುವ ಪ್ರಸಾರದಲ್ಲಿ ನೀವು ಬಂದದ್ದೂ ತಿಳಿಯುವುದಿಲ್ಲ, ಬಾರದೇ ಹೋದದ್ದೂ ತಿಳಿಯುವುದಿಲ್ಲ. ಹತ್ತಿಪ್ಪತ್ತು ಜನರ ಕರೆಯಲ್ಲಿ ಎರಡೂ ತಿಳಿಯುತ್ತದೆ. ದನಿ ಕೆಟ್ಟಿದ್ದರೂ ಒಂಟಿಯಾಗಿರುವವರಿಗೆ ಇಂಥದ್ದೊಂದು ಇರಲೇಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಸಂಗೀತಕ್ಕೆ ದೊಡ್ಡ ಪ್ರಸಾರ, ಸಂಗಕ್ಕೆ ಸಣ್ಣ ಕರೆ ಎಂದು ಎರಡನ್ನೂ ಇಟ್ಟುಕೊಳ್ಳುವುದು ಉತ್ತಮ.

ನಡೆಸುವವರು ವಾರವಾರವೂ ಒಂದೇ ಕೊಂಡಿ ಇಟ್ಟುಕೊಳ್ಳಬೇಕು. ಅದನ್ನು ಸಾರ್ವಜನಿಕ ಪುಟಗಳಲ್ಲಿ ಹಾಕಬಾರದು, ಬಂದವರನ್ನು ಹೊರಗೆ ಕಾಯಿಸುವ ವೇಯ್ಟಿಂಗ್ ರೂಮ್ ಆನ್ ಮಾಡಿಟ್ಟು ಪರಿಚಿತರನ್ನು ಮಾತ್ರ ಒಳಗೆ ಬಿಡಬೇಕು, ಸ್ಕ್ರೀನ್ ಹಂಚುವ ಅಧಿಕಾರ ನಡೆಸುವವರಲ್ಲೇ ಇರಬೇಕು. ಪ್ರಾರ್ಥನೆಯ ನಡುವೆ ನುಗ್ಗಿ ಅಸಹ್ಯ ತೋರಿಸಿದ ಘಟನೆಗಳು 2020ರಲ್ಲಿ ಎಷ್ಟೋ ಕಡೆ ನಡೆದವು, ಅವುಗಳಲ್ಲಿ ಹಲವಕ್ಕೆ ಕಾರಣ ಬಯಲಿಗೆ ಬಿದ್ದ ಕೊಂಡಿ. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಮುಗಿಯುತ್ತದೆ. ಮಂಗಳ ಹಾಡುವ ಹೊತ್ತಿಗೆ ಕಡಿದುಹೋಗದಂತೆ ಕಾರ್ಯಕ್ರಮವನ್ನು 30 ನಿಮಿಷಕ್ಕೆ ಹೊಂದಿಸಿ, ಅಥವಾ ಮತ್ತೆ ಅದೇ ಕೊಂಡಿಗೆ ಬನ್ನಿ ಎಂದು ಮೊದಲೇ ಹೇಳಿ. ಯೂಟ್ಯೂಬಿನಲ್ಲಿ ಬಿತ್ತರಿಸುವ ಯೋಚನೆಯಿದ್ದರೆ ಚಾನೆಲ್ಲಿಗೆ ಲೈವ್ ಅನುಮತಿ ಸಿಗಲು 24 ಗಂಟೆಯವರೆಗೆ ಹಿಡಿಯಬಹುದು, ಹಬ್ಬದ ಬೆಳಿಗ್ಗೆ ಅರ್ಜಿ ಹಾಕಿದರೆ ಹಬ್ಬ ಮುಗಿದಿರುತ್ತದೆ.

ಪ್ರಾರ್ಥನೆಯ ಪಠ್ಯವನ್ನು ದೊಡ್ಡ ಅಕ್ಷರದಲ್ಲಿ ಹಿಂದಿನ ದಿನವೇ ಕಳಿಸಿ. ಕಿವಿ ಮಂದವಾದವರಿಗೆ ತಂತಾನೇ ಮೂಡುವ ಅಡಿಬರಹ ಸಂಭಾಷಣೆಯಲ್ಲಿ ನೆರವಾದೀತು, ಮಂತ್ರಕ್ಕೂ ಸ್ತೋತ್ರಕ್ಕೂ ಅದು ಬಾಯಿಗೆ ಬಂದದ್ದು ಬರೆಯುತ್ತದೆ. ಇಂಟರ್ನೆಟ್ ಇಲ್ಲದ ಹಿರಿಯರನ್ನು ಸಾದಾ ಫೋನಿನಿಂದ ಸೇರಿಸಿಕೊಳ್ಳಬಹುದು. ಫೋನಿನ ಹಳೆಯ ದಾರಿ 300ರಿಂದ 3400 ಹರ್ಟ್ಸ್ ಒಳಗಿನ ದನಿಯನ್ನಷ್ಟೇ ಒಯ್ಯುವುದರಿಂದ ವಾದ್ಯ ಅವರಿಗೆ ಚೆನ್ನಾಗಿ ಕೇಳಿಸದು, ಓದು ಮತ್ತು ಪ್ರಾರ್ಥನೆ ಸ್ಪಷ್ಟವಾಗಿ ಕೇಳಿಸುತ್ತದೆ. ಅವರು ಇರುವ ದಿನ ಹಾಡಿಗಿಂತ ಓದಿಗೆ ಹೆಚ್ಚು ಹೊತ್ತು ಕೊಡಿ, ಓದುವವರು ತಮ್ಮ ಹೆಸರು ಹೇಳಿ ಶುರು ಮಾಡಲಿ, ಯಾಕೆಂದರೆ ಫೋನಿನಲ್ಲಿರುವವರಿಗೆ ಮುಖ ಕಾಣುವುದಿಲ್ಲ.

ಕೊನೆಯ ಮಂಗಳವಾದ ಕೂಡಲೇ ಮೀಟಿಂಗ್ ಮುಚ್ಚಬೇಡಿ. ಹದಿನೈದು ನಿಮಿಷ ತೆರೆದಿಟ್ಟು ಎಲ್ಲರ ಮೈಕನ್ನೂ ಬಿಡಿ. ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಕರೆಯೊಳಗೇ ಗುಂಪನ್ನು ಬಿಡಿಸುವ ಬ್ರೇಕ್‌ಔಟ್ ಕೋಣೆಗಳಲ್ಲಿ ನಾಲ್ಕು ನಾಲ್ಕು ಮಂದಿಯಾಗಿ ಹಂಚಿ, ಅದಕ್ಕಿಂತ ದೊಡ್ಡ ಗುಂಪಿನಲ್ಲಿ ಮಾತಾಡುವವರು ಇಬ್ಬರೇ ಆಗಿಬಿಡುತ್ತಾರೆ. ಬಂದವರ ಹೆಸರನ್ನು ಒಬ್ಬರು ಬರೆದುಕೊಳ್ಳಲಿ. ಎರಡು ವಾರ ಕಾಣದವರಿಗೆ ಫೋನ್ ಮಾಡುವ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಿ. ಅವರ ಫೋನಿನಲ್ಲಿ ಆ್ಯಪ್ ಹೊಸದಾಗಿ ಪಾಸ್‌ವರ್ಡ್ ಕೇಳಿ, ಅದನ್ನು ಹಾಕಿಕೊಡಲು ಪಕ್ಕದಲ್ಲಿ ಯಾರೂ ಇಲ್ಲದೆಯೂ ಅವರು ತಪ್ಪಿಸಿಕೊಂಡಿರಬಹುದು.